ಮೂರನೆಯ ಚಾನೆಲ್ಲಿಗೆ ಇಟ್ಟ ಅರಿಶಿನ

ಆ ಬೆಳಗ್ಗೆಯೂ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ನಾಲ್ಕೆಳೆ ರಂಗೋಲಿ ಬಿಟ್ಟು, ಒಲೆಯ ಮೇಲೆ ರೊಟ್ಟಿಯ ಹಂಚು ಇಟ್ಟೆ. ಬೇರೆಯಾಗಿದ್ದದ್ದು ಒಂದೇ. ಗೋಡೆಗೆ ಒರಗಿಸಿದ್ದ ಎರಡನೆಯ ತಟ್ಟೆಯನ್ನೂ ಅಂದು ತೊಳೆದು ಇಟ್ಟಿದ್ದೆ. ನಮ್ಮ ಯಜಮಾನರು ಹಿಂದಿನ ಸಂಜೆಯ ಬಸ್ಸಿಗೆ ಹೊಸದುರ್ಗಕ್ಕೆ ಬಂದಿದ್ದರು.

ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಅವರಿಗೆ ದೂರದ ಊರಿನ ರೇಡಿಯೋ ಕೇಂದ್ರದಲ್ಲಿ ಕೆಲಸ. ಅಲ್ಲಿ ಇನ್ನಿಬ್ಬರ ಜೊತೆ ಒಂದು ಕೋಣೆಯಲ್ಲಿ ಅವರು, ಇಲ್ಲಿ ಅತ್ತೆಯವರ ಜೊತೆ ನಾನು. "ಒಂದು ಮನೆ ಸಿಗ್ಲಿ, ಕರ್ಕಂಡು ಹೋಗ್ತೀನಿ" ಎಂದು ಮದುವೆಯಾದ ಹೊಸತರಲ್ಲಿ ಹೇಳಿದ್ದರು. ಆಮೇಲೆ ಆ ಮಾತು ಯಾಕೋ ಬರಲೇ ಇಲ್ಲ. ಅತ್ತೆಯವರು ಮಗಳ ಬಾಣಂತನಕ್ಕೆಂದು ಹೊಳಲ್ಕೆರೆಗೆ ಹೋಗಿದ್ದರಿಂದ ಅಂದು ಮನೆಯಲ್ಲಿ ನಾವಿಬ್ಬರೇ. ಇವತ್ತು ಕೇಳಿಯೇಬಿಡಬೇಕು ಎಂದು ರೊಟ್ಟಿ ತಟ್ಟುತ್ತಲೇ ಗಟ್ಟಿ ಮಾಡಿಕೊಂಡಿದ್ದೆ.

ಆದರೆ ಅವರು ಒಬ್ಬರೇ ಬಂದಿರಲಿಲ್ಲ. ಜೊತೆಗೆ ಒಂದು ಬೂದುಬಣ್ಣದ ಪೆಟ್ಟಿಗೆಯೂ ಬಂದಿತ್ತು. ನಾಲ್ಕಾರು ಮೈಕುಗಳ ದನಿಯನ್ನು ಒಂದಾಗಿ ಬೆರೆಸುವ ಮಿಕ್ಸರ್ ಅದು. ಮರುದಿನ ಹಾಲುರಾಮೇಶ್ವರದಲ್ಲಿ ಹೆಂಗಸರ ಸೋಬಾನೆ ಹಾಡುಗಳ ರೆಕಾರ್ಡಿಂಗು. ಅದಕ್ಕೆಂದು ಅಂದು ಮಧ್ಯಾಹ್ನವೇ ಆಫೀಸಿನ ಜೀಪು ಬಂದು ಇವರನ್ನೂ ಪೆಟ್ಟಿಗೆಯನ್ನೂ ಕರೆದೊಯ್ಯುವುದಿತ್ತು. ಅದರೊಳಗೆ ಒಂದೊಂದು ಮೈಕಿಗೂ ಒಂದೊಂದು ಚಾನೆಲ್. ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ, ಸಣ್ಣ ಸಣ್ಣ ಬಿಡಿಭಾಗ ಕೂರಿಸಿದ ಉದ್ದುದ್ದ ಹಲಗೆಗಳು. ಮೂರನೆಯದು ಕೆಟ್ಟಿದ್ದರಿಂದ ಆ ಜಾಗ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತು. ಹೊಸ ಹಲಗೆಯನ್ನು ಅವರು ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ತಂದಿದ್ದರು.

ಹೊಸದೆಂದರೆ ಅರಿಶಿನ ಕುಂಕುಮ ಇಡದೆ ಮುಟ್ಟುವವರಲ್ಲ ಅವರು. ಸ್ನಾನ ಮುಗಿಸಿ, ಹಲಗೆಯನ್ನು ದೇವರ ಮುಂದೆ ಇಟ್ಟು, ಅರಿಶಿನ ಕಲಸಿದರು.

"ಮುಂದ್ಗಡೆ ಇಟ್ರೆ ನಮ್ ಸಾಹೇಬ್ರು ಬೈತಾರೆ, ಸರ್ಕಾರಿ ಸಾಮಾನಿಗೆ ಬಣ್ಣ ಹಚ್ಚಿದೀಯ ಅಂತ," ಎಂದು ನಗುತ್ತಾ, ಕಣ್ಣಿಗೆ ಬೀಳದ ಹಿಂದಿನ ಅಂಚಿಗೆ ಬೊಟ್ಟಿಟ್ಟರು.

"ಸಾಹೇಬ್ರಿಗೆ ಕಾಣದ್ದು ದೇವ್ರಿಗೆ ಕಾಣುತ್ತಾ?" ಎಂದೆ.

"ದೇವ್ರಿಗೆ ಹಿಂದೇನು ಮುಂದೇನು ಬಿಡೇ."

ಊಟವಾದ ಮೇಲೆ ನಡುಮನೆಯ ಚಾಪೆಯ ಮೇಲೆ ಕೆಲಸ ಹಿಡಿದರು. ಹಲಗೆಯ ಬದಿಯ ಪುಟ್ಟ ಸ್ವಿಚ್ಚನ್ನು ಉಗುರಿನಿಂದ ಸರಿಸಿ, "ಇದನ್ನ ಮೈಕಿಗೆ ಅಂತ ಇಟ್ರೆ ಸಣ್ಣ ದನೀನೂ ಹಿಡೀತೈತೆ. ಟೇಪಿಗೆ ಇಟ್ರೆ ದೊಡ್ಡದನ್ನ ಮಾತ್ರ," ಎಂದರು. ಹಲಗೆಯನ್ನು ಒಳಗೆ ತಳ್ಳಿ ಸ್ಕ್ರೂ ಬಿಗಿದರು. ಮೈಕನ್ನು ನನ್ನ ಮುಂದೆ, ಅಕ್ಕಿಯ ಡಬ್ಬದ ಮೇಲೆ ಇಟ್ಟರು.

"ಇಲ್ಲಿ ಕುಂತ್ಕ. ಏನಾದ್ರೂ ಮಾತಾಡು. ಹೆಂಗಸ್ರ ದನಿಗೆ ಎಷ್ಟಿರ್ಬೇಕು ಅಂತ ನೋಡಾಣ."

ಎರಡೂ ಕಿವಿ ಮುಚ್ಚುವ ದಪ್ಪ ಹೆಡ್‌ಫೋನು ಹಾಕಿಕೊಂಡು ಗುಂಡಿಗಳ ಮೇಲೆ ಬಾಗಿದರು. ಅವರ ನೆತ್ತಿಯಲ್ಲಿ ಒಂದು ಬಿಳಿ ಕೂದಲಿತ್ತು. ಹೋದ ಸಲ ಇರಲಿಲ್ಲ, ಅಥವಾ ನಾನು ನೋಡಿರಲಿಲ್ಲ.

ಬಾವಿಯ ಹಗ್ಗ ಬದಲಿಸಿದ್ದು ಹೇಳಿದೆ. ಹಿರಿಯೂರಿನ ಅಕ್ಕ ಹುಣಸೆಹಣ್ಣು ಕಳಿಸಿದ್ದು ಹೇಳಿದೆ. ಅವರು ತಲೆ ಎತ್ತದೆ, ಜೋರಾಗಿ ಎಂದು ಕೈ ಎತ್ತಿ ಸನ್ನೆ ಮಾಡಿದರು. ಚಿತ್ರದುರ್ಗದ ಕಾನ್ವೆಂಟಿನಲ್ಲಿ ಪದ್ಯ ಒಪ್ಪಿಸುವಾಗ ಕೊನೆಯ ಬೆಂಚಿಗೂ ಕೇಳಬೇಕೆಂದು ಸಿಸ್ಟರ್ ಬೆನ್ನು ನೆಟ್ಟಗೆ ಮಾಡಿಸಿ ಕಲಿಸಿದ್ದರು. ಹಾಗೆಯೇ ನೆಟ್ಟಗೆ ಕುಳಿತೆ. ಎದುರಿಗೆ ಅವರ ಮುಖವಿರಲಿಲ್ಲ, ಮೈಕು ಮಾತ್ರ. ಅದರಿಂದಲೇ ಧೈರ್ಯ ಬಂತೇನೋ.

"ಮನೆ ಸಿಗೋವರೆಗೆ ಕಾಯೋದು ಬೇಡ ರೀ. ಒಂದೇ ಕೋಣೆಯಾದ್ರೂ ಸರಿ, ನನ್ನನ್ನೂ ಕರ್ಕೊಂಡು ಹೋಗಿ. ಇಲ್ಲಿ ನಿಮ್ಮ ತಟ್ಟೆ ಗೋಡೆಗೆ ಒರಗಿಕೊಂಡೇ ಇರುತ್ತೆ, ನೋಡೋಕಾಗಲ್ಲ ನಂಗೆ."

ಅವರು ತಲೆ ಎತ್ತಿದರು. ಹೆಡ್‌ಫೋನು ತೆಗೆದರು, ಕಿವಿಗಳು ಕೆಂಪಾಗಿದ್ದವು.

"ಏನೂ ಬರ್ತಿಲ್ಲ ಕಣೇ. ಮೀಟ್ರಿನ ಮುಳ್ಳು ಅಲ್ಲಾಡ್ಲೇ ಇಲ್ಲ. ಮಾತಾಡ್ದಾ ನೀನು?"

"ಮಾತಾಡ್ದೆ," ಎಂದೆ.

ಸ್ಕ್ರೂ ಬಿಚ್ಚಿ ಹಲಗೆಯನ್ನು ಹೊರಗೆಳೆದರು. ಹಿಂದಿನ ಅಂಚಿನಲ್ಲಿ, ಪೆಟ್ಟಿಗೆಯೊಳಗೆ ಕಚ್ಚಿಕೊಳ್ಳುವ ಸಣ್ಣ ಸಣ್ಣ ತಗಡಿನ ಹಲ್ಲುಗಳ ಮೇಲೆ ಅರಿಶಿನ ಇಳಿದು ಒಣಗಿತ್ತು. ಅವರು ತಲೆಯ ಮೇಲೆ ಕೈ ಹೊತ್ತು ನಕ್ಕರು. "ದೇವ್ರಿಗೆ ಇಟ್ಟಿದ್ದು ಕರೆಂಟಿಗೆ ಅಡ್ಡ ಆಯ್ತಲ್ಲೇ!" ನಾನೂ ನಕ್ಕೆ. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಅವರು ಒಂದೊಂದೇ ಹಲ್ಲು ಒರೆಸುವಾಗ, ದೀಪ ಹಿಡಿದು ಪಕ್ಕದಲ್ಲಿ ಕುಳಿತಿದ್ದೆ. ಮೊಣಕೈ ಮೊಣಕೈಗೆ ತಾಗುತ್ತಿತ್ತು. ಆಗ ಕೇಳಬಹುದಿತ್ತು. ಆದರೆ ಉಸಿರು ಬಿಗಿಹಿಡಿದು ಒರೆಸುತ್ತಿದ್ದವರನ್ನು ಹೇಗೆ ಕೇಳುವುದು?

ಮತ್ತೆ ಹಲಗೆ ಕೂತಿತು, ಹೆಡ್‌ಫೋನು ಏರಿತು. "ಹೂಂ, ಆಗ್ಲೇ ಹೇಳಿದ್ದನ್ನೇ ಹೇಳು."

ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ಬಾವಿಯ ಹಗ್ಗ, ಹುಣಸೆಹಣ್ಣು, ಕೊನೆಗೆ ಶಾಲೆಯ ಬೆಳಗಿನ ಪ್ರಾರ್ಥನೆ. ಮುಳ್ಳು ನನ್ನ ದನಿಯ ಜೊತೆ ಏರಿ ಇಳಿಯಿತು. "ಬಾಳ ಚೆನ್ನಾಗೈತೆ!" ಎಂದು ಕಣ್ಣರಳಿಸಿ, ಗುಂಡಿ ನಿಂತ ಜಾಗಕ್ಕೆ ಪೆನ್ಸಿಲಿನಿಂದ ಗೀಟು ಎಳೆದರು. ಅಷ್ಟರಲ್ಲಿ ಬೀದಿಯಲ್ಲಿ ಜೀಪಿನ ಹಾರ್ನು. ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ, "ಮುಂದಿನ್ ತಿಂಗ್ಳು ಬರ್ತೀನಿ," ಎಂದರು. ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವರು ತಿರುವಿನವರೆಗೂ ಕೈ ಬೀಸಿದರು.

ಸಂಜೆ ಹಿತ್ತಲಿನಲ್ಲಿ ಎರಡು ತಟ್ಟೆಗಳನ್ನೂ ತೊಳೆಯುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಗೋಡೆಯಾಚೆ ಒಣಹಾಕಿದ್ದ ಮೆಣಸಿನಕಾಯಿ ಬಾಚುತ್ತಾ, ಕೈ ನಿಲ್ಲಿಸದೆ ಕೇಳಿದರು:

"ಏನವ್ವಾ, ಮತ್ತೆ ಯಾವಾಗ ಹೊಂಟೆ ಗಂಡನ ಕೋಣಿಗೆ? ನಮ್ ಅಡಿಗೆಮನೆ ಗಂಟ ಕೇಳಿಸ್ತು ನೋಡು ನೀನು ಹೇಳಿದ್ದು."