ಕಬ್ಬಿಣದಕ್ಕನ ಕೈಗುಣ

ಕಬ್ಬಿಣದಕ್ಕ ಫ್ಲಾಸ್ಕ್ ಹಿಡಿದಳೆಂದರೆ ಅಣುಗಳು ಕೈಕಟ್ಟಿ ನಿಲ್ಲುತ್ತವೆ ಎಂದು ಪ್ರಯೋಗಾಲಯದಲ್ಲಿ ಪ್ರತೀತಿ. ಲೋಹಕ್ಕೂ ಇಂಗಾಲಕ್ಕೂ ಗಂಟು ಹಾಕಿ ಹೊಸ ಪದಾರ್ಥ ಹುಟ್ಟಿಸುವುದು ಅವಳ ವೃತ್ತಿ. ಗಾಳಿ ತಾಗಿದರೆ ಭಗ್ಗೆನ್ನುವ ದ್ರವಗಳನ್ನು ಸಾರಜನಕದ ಮುಸುಕಿನಲ್ಲಿ ಸಾಕಿ, ಹುಬ್ಬು ಸುಟ್ಟುಕೊಂಡು, ಅವಳು ಸಾಧಿಸಿದ್ದು ಒಂದೇ ಒಂದು ದಿಗ್ವಿಜಯ. ಮುಖ ತಿರುಗಿಸಿ ಕೂತ ಎರಡು ಅಣುಗಳನ್ನು ಕೂಡಿಸಲು ಜಗತ್ತೆಲ್ಲ ಪಲ್ಲೇಡಿಯಂ ಲೋಹವೆಂಬ ದುಬಾರಿ ದಲ್ಲಾಳಿಯ ಕಾಲು ಹಿಡಿಯುತ್ತಿದ್ದಾಗ, ಅವಳು ಅದೇ ಸಂಬಂಧವನ್ನು ಬಡಪಾಯಿ ಕಬ್ಬಿಣದ ಕೈಲಿ ಕುದುರಿಸಿದ್ದಳು. ಬಿರುದು ಬಂದದ್ದು ಹಾಗೆ.

ಒಂದೇ ಮುಳ್ಳು. ಬೇರೆ ಯಾರು ಮಾಡಿದರೂ ಫ್ಲಾಸ್ಕಿನಲ್ಲಿ ಕಂದು ಕೆಸರು.

"ಕೈಗುಣ ಕಣ್ರೋ," ಎಂದು ಅಕ್ಕ ಬೀಗುತ್ತಿದ್ದಳು. ಮನೆಯಲ್ಲಿ ಗಂಡನೂ ತನ್ನ ಚಹಾದ ಬಗ್ಗೆ ಇದೇ ಮಾತು ಹೇಳುತ್ತಿದ್ದ.

ಬೇರೆ ಊರಿನ ಗಡ್ಡದ ಪ್ರೊಫೆಸರೊಬ್ಬರು ಮಾತ್ರ ಇದೆಲ್ಲ ಸುಳ್ಳೆಂದು ಅಚ್ಚು ಹಾಕಿಸಿಬಿಟ್ಟಿದ್ದರು. ಕೊನೆಗೆ ಕಣ್ಣಾರೆ ನೋಡಲು ತಾವೇ ಬಂದರು. ಪ್ರಯೋಗ ಫಲಿಸಿದರೆ ಮಧ್ಯಾಹ್ನದ ಸಭೆಯಲ್ಲಿ ಅವರು ತಪ್ಪೊಪ್ಪಬೇಕು. ಆಗದಿದ್ದರೆ ಅಕ್ಕನ ಜೀವಮಾನದ ಕೆಲಸ ನೀರುಪಾಲು.

ಅಕ್ಕ ತನ್ನ ಬ್ರಹ್ಮಾಸ್ತ್ರ ತೆಗೆದಳು: ಫ್ಲಾಸ್ಕಿನ ತಳದಲ್ಲಿ ಗಿರಗಿರ ಸುತ್ತಿ ದ್ರವ ಕಲಕುವ, ಬಿಳಿ ಹೊದಿಕೆಯ ಪುಟ್ಟ ಅಯಸ್ಕಾಂತ. ವಿದ್ಯಾರ್ಥಿನಿಯಾಗಿದ್ದಾಗಿನ ಸಂಗಾತಿ, ಮೈತುಂಬ ಗೀರು. ಯಾರಿಗೂ ಮುಟ್ಟಗೊಡಳು.

"ನನ್ನ ಗಡ್ಡ ನೆರೆತದ್ದೇ ನಿಮ್ಮ ಪ್ರಯೋಗದಿಂದ ಕಣಮ್ಮಾ."

"ನಿಮಗೆ ಗಡ್ಡವಾದರೂ ಉಳೀತು ಸರ್, ನನ್ನ ಹುಬ್ಬು ನೋಡಿ!"

ಹೀಗೆ ಮಾತಿಗೆ ಮಾತು ಬೆಳೆಯುತ್ತ ದ್ರವ ಹಳದಿಯಾಯಿತು. ಒಂದು ಹನಿಯನ್ನು ಪರೀಕ್ಷೆಯ ಪಟ್ಟಿಗೆ ತಾಗಿಸಿ, ನೇರಳೆ ದೀಪದಡಿ ಹಿಡಿದರೆ ಹೊಸ ಪದಾರ್ಥದ ಚುಕ್ಕೆ ಫಳಫಳ!

"ಬಂದೇ ಬಿಡ್ತಲ್ರೀ!" ಪ್ರೊಫೆಸರು ಕಣ್ಣುಜ್ಜಿಕೊಂಡು, ಕ್ಷಮಾಪಣೆಯ ಮಾತುಗಳನ್ನು ಗೊಣಗುತ್ತ ಕ್ಯಾಂಟೀನಿಗೆ ನಡೆದರು.

ವೀರವನಿತೆ ಅಕ್ಕ ಹಾಡು ಗುನುಗುತ್ತ ತಕ್ಕಡಿ ಒರೆಸಲು ಹೋದಳು. ತಟ್ಟೆಯ ಮೇಲೆ ಮಡಿಸಿದ ಕಾಗದ. ಕಾಗದದಲ್ಲಿ, ತೂಗಿಟ್ಟ ಕಬ್ಬಿಣದ ಪುಡಿ. ಕದಲಿಲ್ಲ, ಕರಗಿಲ್ಲ.

ಹಾಡು ಅರ್ಧಕ್ಕೇ ನಿಂತಿತು. ಮಾತಿನ ಭರಾಟೆಯಲ್ಲಿ ಹಾಕಿಯೇ ಇಲ್ಲ! ಕಬ್ಬಿಣ ಹೊಸಿಲೇ ದಾಟಿಲ್ಲ, ಸಂಬಂಧ ಕೂಡಿಬಂದಿದೆ!

ಫ್ಲಾಸ್ಕಿನ ತಳದಲ್ಲಿ ಬ್ರಹ್ಮಾಸ್ತ್ರ ಏನೂ ಅರಿಯದಂತೆ ಮಲಗಿತ್ತು. ಅದರ ಗೀರುಗಳು ಕಪ್ಪಗಿದ್ದವು. ಓದುವ ಕಾಲದಲ್ಲಿ ಅದು ನಿತ್ಯ ಕಲಕಿದ್ದು ಏನನ್ನು? ಪಲ್ಲೇಡಿಯಂ. ಇಷ್ಟು ವರ್ಷ ಗೀರಿನಲ್ಲಿ ಅಡಗಿದ್ದ ಆ ದುಬಾರಿ ದಲ್ಲಾಳಿಯೇ ಗೇಯ್ದಿದ್ದ. ಕಬ್ಬಿಣ ಬರೀ ಹಾರ ಹಾಕಿಸಿಕೊಂಡಿತ್ತು.

ಕಸದ ಬುಟ್ಟಿ ಕಾಲ ಬಳಿಯೇ ಬಾಯಿ ತೆರೆದು ಕೂತಿತ್ತು. ಪುಡಿ ಅದರೊಳಗೆ ಬಿದ್ದರೆ ಯಾವ ನರಪಿಳ್ಳೆಗೂ ತಿಳಿಯದು. ಅಕ್ಕ ಬುಟ್ಟಿಯನ್ನು ನೋಡಿದಳು. ತುಸು ಹೆಚ್ಚೇ ಹೊತ್ತು ನೋಡಿದಳು. ಆಮೇಲೆ ಕಾಗದ ಹಿಡಿದು ಕ್ಯಾಂಟೀನಿಗೆ ಓಡಿದಳು.

"ಸರ್, ಕ್ಷಮೆ ಕೇಳಬೇಡಿ. ಕಬ್ಬಿಣ ಇಲ್ಲಿದೆ."

"ಮಿಕ್ಕಿದ್ದಾ?"

"ಹಾಕಬೇಕಾಗಿದ್ದು."

ಪ್ರೊಫೆಸರ ಚಮಚ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು.

ಇಬ್ಬರೂ ಊಟ ಬಿಟ್ಟು ಮತ್ತೆ ಮಾಡಿದರು. ಕಬ್ಬಿಣ ಹಾಕಿ ಹೊಸ ಅಯಸ್ಕಾಂತದಲ್ಲಿ ಕಲಕಿದರೆ ಕಂದು ಕೆಸರು. ಕಬ್ಬಿಣವಿಲ್ಲದೆ ಹಳೆಯದರಲ್ಲಿ ಕಲಕಿದರೆ, ಚುಕ್ಕೆ ಫಳಫಳ. ಗೆದ್ದ ಪ್ರೊಫೆಸರು ಕುಣಿಯಬೇಕಿತ್ತು. ಸ್ಟೂಲಿನ ಮೇಲೆ ಕುಸಿದರು. ಮುಖ ಸುಣ್ಣ.

"ಏನಾಯ್ತು ಸರ್?"

"ನನ್ನ ಹತ್ರನೂ ಒಂದು ಹಳೇದಿದೆ ಕಣಮ್ಮಾ," ಎಂದರು, ಪಿಸುದನಿಯಲ್ಲಿ. "ಅದರಲ್ಲಿ ಕಲಕಿಯೇ ನಾನು ಪ್ರೊಫೆಸರಾಗಿದ್ದು."

ಸಭೆಯಲ್ಲಿ ಅಕ್ಕ ಮೊದಲೇ ಎದ್ದು, ಹಳೇ ಅಯಸ್ಕಾಂತದ ಕಥೆ ಹೇಳಿ, ತನ್ನ ದಿಗ್ವಿಜಯವನ್ನು ತಾನೇ ಹಿಂತೆಗೆದುಕೊಂಡಳು. ಚಪ್ಪಾಳೆ ಹೊಡೆಯಬೇಕೋ ಬೇಡವೋ ತಿಳಿಯದೆ ಸಭೆ ಬಾಯಿ ಬಿಟ್ಟು ಕೂತಿತು. ನಂತರ ಒಬ್ಬೊಬ್ಬರೇ ಮೆಲ್ಲಗೆ ಜಾರಿದರು, ತಂತಮ್ಮ ಡ್ರಾಯರುಗಳ ಕಡೆಗೆ.

ಸಂಜೆ ಗಂಡ ಚಹಾ ತಂದಿಟ್ಟ. "ಹೇಗಿದೆ ನನ್ನ ಕೈಗುಣ?"

ಅಕ್ಕ ಒಂದು ಗುಟುಕು ಕುಡಿದಳು. ಒಲೆಯ ಮೇಲಿದ್ದ, ಒಳಗೆಲ್ಲ ಕರೆಗಟ್ಟಿದ ಹಳೇ ಪಾತ್ರೆಯ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು.

"ನಾಳೆ ಹೊಸ ಪಾತ್ರೇಲಿ ಮಾಡಿ. ಆಮೇಲೆ ಹೇಳ್ತೀನಿ."