ಒಂದೇ ಕಡೆ ಹಸಿಯಿದ್ದ ಒಳಂಗಿ

ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಚೀಟಿ ಹರಿದುಕೊಡುವ ಕೆಲಸ ಅವಳದು. ದೋಣಿಗಳು ಐಸ್ ತುಂಬಿಕೊಂಡು ಹೋದಮೇಲೆ ನೊಣ ಹೊಡೆಯುವುದು ಬಿಟ್ಟರೆ ಮಾಡಲು ಏನೂ ಇರುತ್ತಿರಲಿಲ್ಲ. ಆ ಹೊತ್ತಿನಲ್ಲಿ ಬರೆಯುತ್ತಿದ್ದಳು. ಊರಿನ ಪತ್ರಿಕೆಯಲ್ಲಿ ಪ್ರತಿ ಭಾನುವಾರ ಅವಳ ಅಂಕಣ. ಕಡಲು, ಗಾಳಿ ಎಂದು ಗಂಭೀರವಾಗಿ ಶುರುವಾದದ್ದು ಎರಡನೇ ಪ್ಯಾರಾಕ್ಕೆಲ್ಲ ಅವಳ ಮನೆಯೊಳಗೆ ಬಂದು ಚಕ್ಕಳಮಕ್ಕಳ ಹಾಕಿ ಕೂರುತ್ತಿತ್ತು. ಅಣ್ಣನ ಗೊರಕೆ, ಅತ್ತಿಗೆಯ ಮುನಿಸು, ಅಮ್ಮನ ಜಿಪುಣತನ ಎಲ್ಲವೂ ಊರಿಗೆ ಬಾಯಿಪಾಠ. ಬೀದಿಯವರು ಅವಳನ್ನು ಪೇಪರಮ್ಮ ಎಂದು ಕರೆಯುತ್ತಿದ್ದರು. ಅವಳಿಗೆ ಅದು ಬಿರುದಿನಂತೆ ಕೇಳಿಸುತ್ತಿತ್ತು, ಪಾಪ.

ಅವಳು ಬರೆದದ್ದರಲ್ಲಿ ಹೆಚ್ಚು ಹೆಸರು ಮಾಡಿದ್ದು ಅಮ್ಮ ಚಿಕ್ಕಮ್ಮನ ಮನೆಗೆ ಹೋದ ಪ್ರಸಂಗ. ಕಿಟಕಿ ಪಕ್ಕದ ಸೀಟಿಗಾಗಿ ಅಮ್ಮ ಕಂಡಕ್ಟರನ ಜೊತೆ ಜಗಳಕ್ಕೆ ನಿಂತದ್ದು, ಬಸ್ಸಿನಲ್ಲಿ ನಿದ್ದೆ ಹೊಡೆದು ಯಾರದೋ ಚಪ್ಪಲಿ ಮೆಟ್ಟಿಕೊಂಡು ಇಳಿದದ್ದು. ಮೀನು ಹೆಚ್ಚುತ್ತ ಕೂತ ಅತ್ತಿಗೆಯೇ ಇದನ್ನೆಲ್ಲ ಹೇಳಿದ್ದಳು. ಪೇಟೆಯವರು ಓದಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು.

ಅದಾಗಿ ವರ್ಷದ ಮೇಲೆ ಅತ್ತಿಗೆ ಕೈ ಸುಟ್ಟುಕೊಂಡಳು. ಬಟ್ಟೆ ಒಗೆಯುವ ಕೆಲಸ ಪೇಪರಮ್ಮನ ತಲೆಗೆ ಬಂತು. ಕಡಲ ಗಾಳಿಗೆ ಬಟ್ಟೆ ಬೇಗ ಒಣಗುವುದಿಲ್ಲ, ಸತಾಯಿಸುತ್ತದೆ. ಸಂಜೆ ಹಗ್ಗದಿಂದ ಎಲ್ಲವನ್ನೂ ತೆಗೆಯುವಾಗ ಅಮ್ಮನ ಒಳಂಗಿ ಒಂದೇ ಕಡೆಯಿಂದ ತೊಟ್ಟಿಕ್ಕುತ್ತಿತ್ತು. ರಾಶಿಯಲ್ಲಿ ಒಗೆಯುವಾಗ ಗಮನಿಸಿರಲಿಲ್ಲ, ಈಗ ಮುಟ್ಟಿ ನೋಡಿದಳು. ಎಡಗಡೆ ಎದೆಯ ಜಾಗಕ್ಕೆ ಹಳೆ ಬಟ್ಟೆಯ ಉಂಡೆ ಇಟ್ಟು, ಸುತ್ತಲೂ ಸಣ್ಣ ಸಣ್ಣ ಹೊಲಿಗೆ ಹಾಕಿತ್ತು.

ಅದನ್ನು ಹಿಡಿದುಕೊಂಡೇ ಅಡುಗೆಮನೆಗೆ ಬಂದಳು. ಅತ್ತಿಗೆ ನೋಡಿದಳು, ಸುಳ್ಳು ಹೇಳಲು ಹೋಗಲಿಲ್ಲ.

"ಚಿಕ್ಕಮ್ಮನ ಮನೆ ಅಂತ ಹೋಗಿದ್ದು ಆಸ್ಪತ್ರೆಗೆ. ಗಡ್ಡೆ ಇತ್ತು. ಆ ಕಡೇದನ್ನ ಪೂರ್ತಿ ತೆಗೆದುಬಿಟ್ರು. ಈಗ ಹುಷಾರಾಗಿದಾರೆ."

"ಯಾರ್ಯಾರಿಗೆ ಗೊತ್ತು?"

ಅಣ್ಣನಿಗೆ ಗೊತ್ತಿತ್ತು. ಪಕ್ಕದ ಮನೆಯ ಬಲೆ ಹೆಣೆಯುವವಳಿಗೆ ಗೊತ್ತಿತ್ತು. ಕೊನೆಗೆ ಐಸ್ ಫ್ಯಾಕ್ಟರಿಯ ಕಾವಲುಗಾರನಿಗೂ ಗೊತ್ತಿತ್ತು. ರಕ್ತ ಕೊಟ್ಟವನೇ ಅವನು. ದಿನಾ ಬೆಳಿಗ್ಗೆ ಅವಳಿಗೆ ಗೇಟು ತೆಗೆಯುವ ಆಸಾಮಿ, ಚಪ್ಪಲಿಯ ಕಥೆ ಬಹಳ ಚೆನ್ನಾಗಿತ್ತು ಅಂದಿದ್ದ.

"ಆ ಕಂಡಕ್ಟರ್, ಚಪ್ಪಲಿ?"

"ಕಂಡಕ್ಟರ್ ಕಥೆ ನಾನು ಕಟ್ಟಿದ್ದು. ಚಪ್ಪಲಿ ಅತ್ತೇದು. ಆಸ್ಪತ್ರೇಲಿ ಮಲಗಿದ್ದಲ್ಲೇ ಹೇಳಿಕೊಟ್ರು. ನಕ್ಕೂ ನಕ್ಕೂ ಅವರಿಗೆ ಹೊಲಿಗೆ ಜಗ್ಗಿ ನೋವು ಬಂತು."

ಪೇಪರಮ್ಮನಿಗೆ ಮೈಯೆಲ್ಲ ಉರಿಯಿತು. ಒಂದೇ ಸೂರಿನ ಕೆಳಗೆ ಉಂಡು ಮಲಗುವವರು ಸೇರಿಕೊಂಡು ಅವಳ ಕಿವಿಯ ಮೇಲೆ ಹೂವಿಟ್ಟಿದ್ದರು. ಅಮ್ಮನ ಗಾಯ ಇನ್ನೂ ಮಾಯುತ್ತಿದ್ದ ಹೊತ್ತಿಗೆ ಅವಳು ಇಲ್ಲಿ ಕೂತು ಅಮ್ಮನ ಮೇಲೆ ನಗೆಹನಿ ಹೊಸೆಯುತ್ತಿದ್ದಳು.

ಅಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಸಿಗಡಿ ಬಿಡಿಸುತ್ತಿದ್ದಳು. ಮಗಳ ಕೈಯಲ್ಲಿದ್ದದ್ದನ್ನು ನೋಡಿ, ಹಿಡಿದಿದ್ದ ಸಿಗಡಿಯನ್ನು ಕೆಳಗಿಟ್ಟಳು.

"ನಾನು ನಿನ್ನ ಮಗಳಲ್ವಾ ಅಮ್ಮ? ಕಾವಲುಗಾರನಿಗೆ ಹೇಳ್ತೀಯ, ನನಗಿಲ್ಲ?"

"ಮಗಳು ಅಂತಾನೇ, ನಿಮ್ಮಪ್ಪ ಹೋಗುವಾಗ ಅವರ ಕಿವೀಲಿ ಏನು ಹೇಳ್ದೆ ಅಂತ ನಿನ್ನೊಬ್ಬಳಿಗೇ ಹೇಳಿದ್ದೆ. ಆ ಭಾನುವಾರ ನನ್ನ ಹತ್ರ ಮೀನು ಕೊಳ್ಳೋಕೆ ಬಂದೋರು ಅದನ್ನ ನನಗೇ ಓದಿ ಹೇಳಿದ್ರು."

"ಇದನ್ನ ಬರೀತಿರಲಿಲ್ಲ."

"ಬರೀತಿದ್ದೆ." ಅಮ್ಮ ಮತ್ತೊಂದು ಸಿಗಡಿ ಕೈಗೆತ್ತಿಕೊಂಡಳು. "ಚೆನ್ನಾಗೇ ಬರೀತಿದ್ದೆ."

ಪೇಪರಮ್ಮ ಇಲ್ಲ ಎನ್ನಲು ಬಾಯಿ ತೆರೆದಳು. ಆದರೆ ಹಗ್ಗದ ಕೆಳಗೆ ನಿಂತಿದ್ದಾಗ, ಕಣ್ಣಿಗೆ ನೀರು ಬರುವ ಮೊದಲೇ, ಅಂಕಣದ ಮೊದಲ ಸಾಲು ಅವಳ ತಲೆಗೆ ಬಂದಾಗಿತ್ತು. ಅದು ಒಳ್ಳೆಯ ಸಾಲಾಗಿತ್ತು.

ಅಮ್ಮ ಕೈ ಒರೆಸಿಕೊಂಡು ಮುಂದೆ ಚಾಚಿದಳು. "ಕೊಡು ಇಲ್ಲಿ. ಅದನ್ನ ಒಳಗೆ ಒಣಗಿಸ್ಬೇಕು."