ಚಹಾದ ಜೋಡಿಯ ಗುಳಿಗಿ

ಇಂದು ನಳದ ನೀರು ತುಂಬಿದೆ, ಮಜ್ಜಿಗೆ ಕಡೆದೆ, ಮೆಣಸಿನಕಾಯಿ ಬಿಸಿಲಿಗೆ ಹರವಿದೆ, ಯಜಮಾನರ ಅಂಗಿಗೆ ಗುಂಡಿ ಹಚ್ಚಿದೆ, ಬನಹಟ್ಟಿಯಿಂದ ಬಸ್ಸು ಹತ್ತಿ ಅವರನ್ನು ಜಮಖಂಡಿಯ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದೆ.

ದವಡೆ ಹಲ್ಲು ಹೋದಾಗಿನಿಂದ ಅವರು ಒಣಗಿದ ಕಟಕ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಾರೆ. ಅದು ಅವರಿಗೆ ದೊಡ್ಡ ಅವಮಾನ. ಪಕ್ಕದಲ್ಲಿ ನಾನು ಕಟಕ್ಕೆಂದು ಮುರಿದರೆ ಸಾಕು, ಕೆಕ್ಕರಿಸಿ ನೋಡುತ್ತಾರೆ. ದವಡೆಯ ಎಲುಬಿನಲ್ಲಿ ಸ್ಕ್ರೂ ಕೂಡಿಸಿ ಅದರ ಮೇಲೆ ಹಲ್ಲು ಕಟ್ಟುತ್ತಾರೆಂದು ತಿಳಿದ ಮೇಲಂತೂ ಒಂದೇ ಜಪ: “ಗಟ್ಟಿ ಹಲ್ಲು, ಗಟ್ಟಿ ರೊಟ್ಟಿ.”

ಹಲ್ಲಿನ ಡಾಕ್ಟರು ನಮ್ಮ ಮಗಳ ವಯಸ್ಸಿನವರು. “ಕಾಕಾರ, ದಿನಾ ಏನರ ಔಷಧ ತಗೋತೀರೇನ್ರಿ?” ಎಂದು ಕೇಳಿದರು.

“ಏನೂ ಇಲ್ರಿ. ಬಿಪಿ ಇಲ್ಲ, ಸಕ್ಕರಿ ಇಲ್ಲ. ಕಬ್ಬಿಣ ಇದ್ದಂಗ ಅದೀನಿ.”

ನನಗೆ ಸುಮ್ಮನೆ ಕೂರಲಾಗಲಿಲ್ಲ. “ರೀ, ಮುಂಜಾನಿ ಗ್ಯಾಸಿನ ಗುಳಿಗಿ?”

“ಏ, ಅದ್ಯಾವ ಔಷಧ? ಅದು ಚಹಾದ ಜೋಡಿ ಬರೂದು!”

ಡಾಕ್ಟರು ನಕ್ಕುಬಿಟ್ಟರು. ಆದರೆ ಬರೆಯುತ್ತಿದ್ದ ಕೈ ನಿಂತಿತು. “ಯಾವಾಗಿಂದ್ರಿ?”

“ಮಗಳ ಮದುವಿ ಊಟ ಉಂಡು ಎದಿ ಉರೀತಲ್ಲ, ಅವತ್ತಿಂದ” ಎಂದೆ. ಆ ಮಗಳ ಮಗ ಈಗ ಸಾಲಿಗೆ ಹೋಗುತ್ತಾನೆ.

“ಹೊಟ್ಟಿ ಆಸಿಡ್ ಕಡಿಮಿ ಮಾಡೂ ಗುಳಿಗಿ ಭಾಳ ವರ್ಷ ನುಂಗಿದ್ರ ಕೆಲವ್ರಿಗೆ ಎಲುಬು ಸ್ಕ್ರೂನ ಛಲೋ ಹಿಡಿಯೂದಿಲ್ಲ, ಸಡ್ಲ ಆಗಬಹುದು. ಎಲ್ಲಾರಿಗೂ ಹಂಗ ಆಗ್ತದಂತಲ್ಲ. ಒಸಡಿಗೆ ಅದು ಒಳ್ಳೇದೋ ಕೆಟ್ಟದ್ದೋ ಅನ್ನೂದಂತೂ ಇನ್ನೂ ಪಕ್ಕಾ ಆಗಿಲ್ಲ. ಆದ್ರ ಸ್ಕ್ರೂ ಕೂಡಸೂ ಮುಂಚೆ ನನಗ ಗೊತ್ತಿರಬೇಕಲ್ರಿ?”

ಯಜಮಾನರ ಮುಖ ಸಣ್ಣದಾಯಿತು. “ಹಂಗಾರ ನಾಳಿಂದನ ಬಂದ್!”

“ನೀವಾಗೇ ಬಿಡಬ್ಯಾಡ್ರಿ. ಬರದ ಕೊಟ್ಟ ಡಾಕ್ಟರ್ನ ಕೇಳ್ರಿ. ನಾ ಮೊದಲ ಈ ಬಾತ ಒಸಡು ಸ್ವಚ್ಛ ಮಾಡ್ತೀನಿ. ರೊಟ್ಟಿ ಎಲ್ಲೂ ಓಡಿ ಹೋಗೂದಿಲ್ಲ ಬಿಡ್ರಿ.”

ಬಸ್ಸಿಳಿದವರೇ ಊರಿನ ಡಾಕ್ಟರ ಹತ್ತಿರ ಹೋದೆವು. ಅವರು ಕೇಳಿ ಹಣೆ ಬಡಿದುಕೊಂಡರು. “ಇನ್ನೂ ನುಂಗಾಕತ್ತೀರೇನ್ರೀ! ನಾ ಆ ಊಟದ ಉರಿಗಷ್ಟ ಕೊಟ್ಟಿದ್ದೆ.” ಹೊಟ್ಟೆ ಒತ್ತಿ ನೋಡಿ, ಗುಳಿಗಿಯನ್ನು ಸಾವಕಾಶ ಕಡಿಮೆ ಮಾಡುವ ಬಗೆ ಹೇಳಿಕೊಟ್ಟರು. ಸಂಜೆಯ ಮಿರ್ಚಿ ಭಜಿ ಬಂದ್. ಉಂಡ ಕೂಡಲೇ ಅಡ್ಡಾಗುವುದೂ ಬಂದ್.

ಹೊತ್ತು ಮುಳುಗುವ ಮೊದಲೇ ಜೋಳದ ನುಚ್ಚು, ಮಜ್ಜಿಗೆ ಉಂಡೆವು. ನಾನೂ ರೊಟ್ಟಿ ಮುರಿಯಲಿಲ್ಲ. “ಹಲ್ಲು ಬರ್ಲಿ, ಆ ರೊಟ್ಟಿ ಡಬ್ಬಿ ನೋಡ್ಕೋತೀನಿ” ಎನ್ನುತ್ತ ಅವರು ಅಡ್ಡಾಗದೆ ಗೋಡೆಗೆ ಆತು ಕೂತರು. ಪಾತ್ರೆ ತೊಳೆದು ಬರುವಷ್ಟರಲ್ಲಿ ಕೂತಲ್ಲೇ ಗೊರಕೆ. ಮೊದಲು ನಿದ್ದೆ ಹೋದವರು ಇವತ್ತೂ ಅವರೇ.